ನಾದಿನಿಯ ಗಿಡದ ಬಿಳಿ ಹುಳ

ನಮ್ಮ ಗಿಡಗಳನ್ನು ಹಾಳು ಮಾಡಿದ್ದು ಬಿಳಿ ಹುಳ ಅಲ್ಲ, ದಾಕ್ಷಿಣ್ಯ. ಹುಳಕ್ಕೆ ಬಾಯಿ ಇದ್ದದ್ದು ರಸ ಹೀರುವುದಕ್ಕೆ, ಅದು ಹೀರಿತು. ನಮಗೆ ಬಾಯಿ ಇದ್ದದ್ದು ಹೇಳುವುದಕ್ಕೆ, ನಾವು ಹೇಳಲಿಲ್ಲ. ಉಳಿದದ್ದೆಲ್ಲ ಇದರ ಬಾಲ.

ನಮ್ಮ ಮನೆ ಪುತ್ತೂರಿನ ಕಡೆಯ ಸವಣೂರು ಪೇಟೆಗೆ ತಾಗಿ, ರಸ್ತೆ ಬದಿಯಲ್ಲಿದೆ. ಹಿಂದುಗಡೆ ಬೆಳಕು ಬೀಳುವ ಶೀಟು ಹಾಸಿದ ಮಾಡಿನ ಕೆಳಗೆ, ಕಬ್ಬಿಣದ ಸ್ಟ್ಯಾಂಡುಗಳಲ್ಲಿ ನನ್ನ ಸೊಸೆ ದಪ್ಪ ಎಲೆಯ ಸಣ್ಣ ಗಿಡಗಳನ್ನು ಬೆಳೆಸುತ್ತಾಳೆ. ಸಕ್ಯುಲೆಂಟ್ ಎನ್ನುತ್ತಾರೆ. ಕುಡಿದ ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುವ ಜಾತಿ. ಕೆಲವು ಗುಲಾಬಿ ಹೂವಿನ ಹಾಗೆ ಸುತ್ತಿಕೊಂಡು ಕೂತಿರುತ್ತವೆ, ಕೆಲವು ಮಣಿ ಪೋಣಿಸಿದ ಹಾಗೆ ಜೋತುಬೀಳುತ್ತವೆ. ತಿನ್ನಲಿಕ್ಕಿಲ್ಲ, ಮುಡಿಯಲಿಕ್ಕಿಲ್ಲ, ದೇವರಿಗೆ ಇಡಲಿಕ್ಕಿಲ್ಲ. ಆದರೂ ಜನ ಕೊಂಡುಹೋಗುತ್ತಾರೆ. ಜನರ ತಲೆ ರಿಪೇರಿ ಮಾಡುವ ಕೆಲಸ ನನ್ನದಲ್ಲ, ನನ್ನ ಕೆಲಸ ಗಿಡ ನೆಡುವ ಚಟ್ಟಿ ತುಂಬಿಸುವುದು. ಹಿಂದೆ ಬೀಡಿ ಕಟ್ಟುತ್ತಿದ್ದವಳು ನಾನು. ಭುಜ ಕೈಕೊಟ್ಟ ಮೇಲೆ ಬೀಡಿ ಬಿಟ್ಟೆ, ಬೆರಳು ಇನ್ನೂ ಹೇಳಿದ ಹಾಗೆ ಕೇಳುತ್ತದೆ. ಮಡಿಲಲ್ಲಿ ಬೀಡಿ ಕಟ್ಟುತ್ತಿದ್ದ ಅದೇ ಹಳೆಯ ಗೆರಸೆ ಇಟ್ಟುಕೊಂಡು ಮರಳು, ಇದ್ದಿಲ ಚೂರು, ಕೆಂಪು ಮುರಕಲ್ಲಿನ ಹುಡಿ, ಹಳೆಯ ಗೊಬ್ಬರ ಬೆರೆಸುತ್ತೇನೆ. ಗಿಡ ನೆಟ್ಟು ಸೊಸೆಯ ಕೈಗೆ ಕೊಡುತ್ತೇನೆ.

ನೆರೆಮನೆಯಾಕೆ ಬ್ಯಾರಿ ಹೆಂಗಸು. ಗಂಡ ಗಲ್ಫಿನಲ್ಲಿದ್ದಾನೆ, ಇಲ್ಲಿಯ ವ್ಯವಹಾರವೆಲ್ಲ ಅವಳದೇ. ಮಗಳನ್ನು ಸುಳ್ಯದ ಕಡೆಗೆ ಕೊಡುವುದೆಂದು ನಿಶ್ಚಯವಾದಾಗ, ಮದುವೆಗೆ ಬರುವ ಹೆಂಗಸರಿಗೆ ಸ್ವೀಟಿನ ಡಬ್ಬಿ ಬೇಡ, ಒಂದೊಂದು ಗಿಡ ಕೊಡುವುದು ಎಂದು ಅವಳೇ ಹೇಳಿದಳು. ಅವಳ ಕಡೆಯವರು ನಕ್ಕರಂತೆ. ಅವಳು ಹಟ ಹಿಡಿದು ಹುಡುಗನ ಮನೆಗೂ ಹೇಳಿಬಿಟ್ಟಳು. ಸೊಸೆಗೆ ಅಷ್ಟು ದೊಡ್ಡ ಆರ್ಡರು ಅದೇ ಮೊದಲು. ನನ್ನ ಮಗನಿಗೆ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ. ಈ ಸಲ ಗಿಡ ಕೈಕೊಟ್ಟರೆ ಸ್ಟ್ಯಾಂಡು ಗುಜರಿಗೆ ಹಾಕಿ ತನ್ನ ಅಂಗಡಿಯಲ್ಲಿ ಬಂದು ಕೂರಬೇಕು ಎಂದು ಅವನು ಹೆಂಡತಿಗೆ ಮೊದಲೇ ಹೇಳಿಟ್ಟಿದ್ದ. ಅವಳು ಆಗಲಿ ಎಂದಿದ್ದಳು. ಆಗಲಿ ಎನ್ನುವಾಗ ಅವಳ ಮುಖ ನಾನು ನೋಡಿದ್ದೆ. ಆ ಅಂಗಡಿಯ ಮೆಷಿನಿನ ಬಿಸಿಗಾಳಿಯಲ್ಲಿ ಅವಳು ಒಂದು ವರ್ಷವೂ ಬಾಳಲಿಕ್ಕಿಲ್ಲ.

ಮೊದಲು ಕಂಡದ್ದು ಇರುವೆ. ಗೋಡೆಯಿಂದ ಇಳಿದು ಸ್ಟ್ಯಾಂಡಿನ ಕಾಲು ಹತ್ತಿ ಸಾಲು ಹೋಗುತ್ತಿತ್ತು. ಸೊಸೆ ಚಾ ಲೋಟ ಕಂಡಲ್ಲಿ ಇಡುತ್ತಾಳೆ ಎಂದು ಬೈದೆ. ಅವಳು ಬಾಯಿ ಬಿಡಲಿಲ್ಲ. ಎರಡು ದಿನ ಕಳೆದು ಎಲೆ ಮುಟ್ಟಿದರೆ ಬೆಲ್ಲದ ಪಾಕ ಮುಟ್ಟಿದ ಹಾಗೆ ಅಂಟು. ಎಲೆಯ ಬುಡ ಬಿಡಿಸಿದರೆ ಸಂದಿಯಲ್ಲಿ ಹತ್ತಿ. ಹತ್ತಿಯನ್ನು ಕಡ್ಡಿಯಲ್ಲಿ ಎಬ್ಬಿಸಿದರೆ ಅಕ್ಕಿಹಿಟ್ಟಿನಲ್ಲಿ ಹೊರಳಿ ಬಂದಂಥ ಹುಳ, ಗುಂಪಾಗಿ ಅಂಟಿ ಕೂತಿತ್ತು. ಓಡುವುದಿಲ್ಲ, ಹಾರುವುದಿಲ್ಲ, ಬಾಯಿ ಚುಚ್ಚಿ ಕೂತುಬಿಡುತ್ತದೆ. ಹಿಟ್ಟು ತಿಗಣೆ ಎಂದು ಸೊಸೆ ಮೊಬೈಲು ನೋಡಿ ಹೇಳಿದಳು. ಇರುವೆ ಬಂದದ್ದು ಚಾ ಲೋಟಕ್ಕಲ್ಲ, ಈ ಹುಳ ಹಿಂದಿನಿಂದ ಬಿಡುವ ಸಿಹಿಗೆ. ಆ ಸಿಹಿಯ ಆಸೆಗೆ ಇರುವೆ ಹುಳವನ್ನು ಕಾಯುತ್ತದೆ, ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತುಕೊಂಡೂ ಹೋಗುತ್ತದೆ. ನಾವು ಹಾಲಿಗೆ ದನ ಸಾಕಿದ ಹಾಗೆ.

ಮದ್ದು ನನ್ನಲ್ಲಿ ಇತ್ತು. ಬೀಡಿ ಬಿಟ್ಟರೂ ಹೊಗೆಸೊಪ್ಪಿನ ಹುಡಿ ಒಂದು ಡಬ್ಬಿಯಲ್ಲಿ ಉಳಿದಿತ್ತು. ಅಲಸಂಡೆ ಬಳ್ಳಿಗೆ ಕಪ್ಪು ಹೇನು ಹತ್ತಿದರೆ ಬೀಡಿ ಕಟ್ಟುವ ಮನೆಯವರೆಲ್ಲ ಮಾಡುವುದು ಅದೇ. ಹುಡಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಬಟ್ಟೆ ಒಗೆಯುವ ಸೋಪು ಕೆರೆದು ಹಾಕಿದೆ. ಸೊಸೆ ಒಂದೇ ಗಿಡಕ್ಕೆ ಹಾಕಿ ನೋಡುವ ಎಂದಳು. ಹುಳ ಒಂದೇ ಗಿಡದಲ್ಲಿ ಉಂಟಾ ಎಂದು ಕೇಳಿ ನಾನು ಎಲ್ಲ ಗಿಡಕ್ಕೂ ಹೊಡೆದೆ.

ಹುಳ ಉದುರಿತು. ಅದರ ಜೊತೆಗೆ ಎಲೆಯ ಮೇಲಿದ್ದ ಬೂದಿಯಂಥ ಹೊದಿಕೆಯೂ ತೊಳೆದುಹೋಯಿತು. ಈ ಗಿಡಗಳ ಚಂದವೇ ಆ ಬೂದಿ, ಬಿಸಿಲಿಗೆ ಅವುಗಳ ಕೊಡೆಯೂ ಅದೇ ಎಂದು ಆಮೇಲೆ ತಿಳಿಯಿತು. ಬೇಸಗೆಯ ಬಿಸಿಲು ಶೀಟಿನಿಂದ ಇಳಿದು, ಗುಲಾಬಿ ಮಾದರಿಯವುಗಳ ಎಲೆಯಲ್ಲಿ ಬೀಡಿ ಚುಚ್ಚಿದ ಹಾಗೆ ಕಂದು ಕಲೆ ಎದ್ದಿತು. ಅಲಸಂಡೆ ಬಳ್ಳಿ ಬೇರೆ, ಇದು ಬೇರೆ. ಸೊಸೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಈ ಹುಡುಗಿಯ ಸಮಸ್ಯೆಯೇ ಅದು, ಬಾಯಿಗೆ ಬಂದದ್ದನ್ನು ನುಂಗಿ ನುಂಗಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತಾಳೆ.

ವಾರ ಕಳೆಯುವಾಗ ಹತ್ತಿ ಪುನಃ ಬಂತು. ಮೊಟ್ಟೆ ಒಳಗೆ ಉಳಿದಿತ್ತು. ನಾನು ಬಸ್ಸು ಹತ್ತಿ ಪುತ್ತೂರಿಗೆ ಹೋಗಿ ಗೊಬ್ಬರದ ಅಂಗಡಿಯಲ್ಲಿ ಕೇಳಿದೆ. ಅವನು ಗಿಡ ಎಷ್ಟು ಎಕರೆ ಎಂದು ಕೇಳಿದ. ಒಂದು ಮಾಡಿನ ಅಡಿಯಷ್ಟು ಎಂದೆ. ಅವನಿಗೆ ಆಸಕ್ತಿ ಹೋಯಿತು. ಒಂದು ವಿಷದ ಡಬ್ಬಿ ಎತ್ತಿಕೊಟ್ಟ. ಮದುವೆ ಮನೆಯಲ್ಲಿ ಮಕ್ಕಳು ಕೈಯಲ್ಲಿ ಹಿಡಿಯುವ ಗಿಡಕ್ಕೆ ಆ ವಿಷ ಆಗದು ಎಂದು ಸೊಸೆ ತಡೆದಳು. ಅದೊಂದು ಮಾತು ಅವಳು ಗಟ್ಟಿಯಾಗಿ ಹೇಳಿದಳು, ನಾನು ಒಪ್ಪಿದೆ. ಬೇವಿನ ಎಣ್ಣೆ ಹಾಕಿ ನೋಡಿದೆವು. ಮಾಡು ಇಡೀ ವಾಸನೆ ಬಂತು, ಎಲೆಗೆ ಜಿಡ್ಡು ಹಿಡಿಯಿತು, ಹುಳ ಸ್ವಲ್ಪ ಕಡಿಮೆಯಾದ ಹಾಗೆ ಮಾಡಿ ಸಂದಿಗೆ ಹೋಗಿ ಕೂತಿತು.

ಅಷ್ಟರಲ್ಲಿ ಎಲೆಯಲ್ಲಿ ಒಂದು ಹುಳವೂ ಕಾಣದ ಗಿಡಗಳು ಬಾಡಲಿಕ್ಕೆ ಸುರುವಾದವು. ನೀರು ಹಾಕಿದರೂ ಎಲೆ ಸುಕ್ಕು, ಮುದುಕಿಯ ಕೆನ್ನೆ. ಒಂದನ್ನು ಚಟ್ಟಿಯಿಂದ ಮಗುಚಿದೆ. ಬೇರಿಗೆ ಅಕ್ಕಿಹಿಟ್ಟು ಮೆತ್ತಿದ ಹಾಗೆ ಬಿಳಿ. ಚಟ್ಟಿಯ ಒಳಮೈಯಲ್ಲೂ ಬಿಳಿ. ನಾವು ಮೇಲಿನಿಂದ ಹೊಡೆದ ಕಷಾಯ, ಎಣ್ಣೆ ಯಾವುದೂ ಅಲ್ಲಿಗೆ ಇಳಿದೇ ಇಲ್ಲ. ನಾವು ಮಾಡಿಗೆ ಕಾವಲು ಕೂತಾಗ ಕಳ್ಳ ನೆಲಮಾಳಿಗೆಯಲ್ಲಿ ಉಣ್ಣುತ್ತಿದ್ದ.

ಆಗ ಕೂತು ಯೋಚಿಸಿದೆ. ಬಾಡಿದವು ಎಲ್ಲ ಒಂದೇ ಸ್ಟ್ಯಾಂಡಿನವು. ಆ ಸ್ಟ್ಯಾಂಡಿನ ಮೇಲಿನ ತಟ್ಟಿನಲ್ಲಿ ನನ್ನ ನಾದಿನಿ ಕೊಟ್ಟ ದೊಡ್ಡ ಜೇಡ್ ಗಿಡ, ಅದೂ ಇದೇ ದಪ್ಪ ಎಲೆಯ ಜಾತಿ. ನಾದಿನಿಯನ್ನು ಪೆರಾಬೆ ಊರಿಗೆ ಮದುವೆ ಮಾಡಿ ಕೊಟ್ಟಿದೆ. ಅವಳ ಅಂಗಳ ತುಂಬ ಚಟ್ಟಿ. ಅವಳ ಮನೆಗೆ ಹೋದವರು ಗಿಡ ಇಲ್ಲದೆ ವಾಪಸು ಬಂದದ್ದಿಲ್ಲ, ಅವಳು ಬರುವಾಗಲೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಗಿಡ ಇರುತ್ತದೆ. ನಮ್ಮಲ್ಲಿ ಗಿಡ ಕೊಟ್ಟರೆ ಬೇಡ ಎನ್ನುವ ಕ್ರಮ ಇಲ್ಲ. ಕೊಟ್ಟ ಗಿಡವನ್ನು ಮೂಲೆಯಲ್ಲಿ ಇಡುವ ಕ್ರಮವೂ ಇಲ್ಲ. ಮುಂದಿನ ಸಲ ಅವಳು ಬಂದಾಗ ಎದುರು ಕಾಣಬೇಕು. ಹಾಗಾಗಿ ಅದಕ್ಕೆ ಮೇಲಿನ ತಟ್ಟು. ಅದಕ್ಕೆ ಹಾಕಿದ ನೀರು ಚಟ್ಟಿಯ ತೂತಿನಿಂದ ಇಳಿದು ಕೆಳಗಿನ ಅಷ್ಟೂ ಚಟ್ಟಿಗಳಿಗೆ ತೀರ್ಥ ಸಿಕ್ಕಿದ ಹಾಗೆ ಸಿಗುತ್ತಿತ್ತು.

ನನ್ನ ಭುಜಕ್ಕೆ ಮೇಲಿನ ತಟ್ಟು ಎಟುಕುವುದಿಲ್ಲ. ಸೊಸೆಯನ್ನು ಕರೆದು ಅದನ್ನು ಇಳಿಸಲಿಕ್ಕೆ ಹೇಳಿದೆ. ಅವಳು ಇಳಿಸಲಿಲ್ಲ. ನಿಂತೇ ಇದ್ದಳು.

"ಅತ್ತೆ, ಅದರಲ್ಲಿ ಹುಳ ಉಂಟು ಅಂತ ನನಗೆ ಗೊತ್ತುಂಟು" ಎಂದಳು.

"ಯಾವಾಗಿನಿಂದ?"

"ಪೆರಾಬೆ ಅತ್ತೆ ತಂದ ದಿನವೇ. ಎಲೆ ಅಡಿಯಲ್ಲಿ ಹತ್ತಿ ಇತ್ತು. ತೆಗೆದಿಟ್ಟರೆ ಅವರಿಗೆ ಬೇಜಾರಾಗ್ತದೆ ಅಂತ ಕೈಯಲ್ಲಿ ಒರೆಸಿ ಅಲ್ಲೇ ಇಟ್ಟೆ."

"ಅವಳಿಗೆ ಬೇಜಾರಾಗ್ತದೆ ಅಂತ ನಿನ್ನ ಅಷ್ಟೂ ಗಿಡ ಕೊಂದಿಯಾ? ನಿನಗೆ ಮಂಡೆ ಸರಿ ಉಂಟಾ ಮಾರಾಯ್ತಿ?"

"ನಿಮ್ಮ ಮನೆಯವರಲ್ವಾ ಅತ್ತೆ. ಹೊರಗಿನಿಂದ ಬಂದವಳು ನಾನು ಹೇಗೆ ಹೇಳುದು?"

ಸ್ಟೂಲು ಇಟ್ಟು ಅವಳು ಗಿಡ ಇಳಿಸಿದಳು. ಮಗುಚಿದೆವು. ಬೇರು ಕಾಣಲೇ ಇಲ್ಲ, ಬರೀ ಬಿಳಿ. ಮಣ್ಣು ಸಮೇತ ಬಚ್ಚಲ ಒಲೆಗೆ ಹಾಕಿದೆ. ನೀರು ತುಂಬಿದ ಗಿಡ ಎಲ್ಲಿ ಉರಿಯುತ್ತದೆ? ಚುಂಯ್ ಎಂದು ಬೇಯಿತು. ಹಂಡೆಯ ನೀರು ಕಾದದ್ದು ಅದರಿಂದಲ್ಲ, ನನ್ನ ಸಿಟ್ಟಿನಿಂದ.

ಇನ್ನು ಮದುವೆಯ ಆರ್ಡರು ಕೊಟ್ಟ ಆಚೆಮನೆಯಾಕೆಗೆ ಹೇಳಬೇಕು. ಸೊಸೆ ಎರಡು ದಿನ ನೋಡುವ ಎಂದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ. ನಿಶ್ಚಯದ ಸಮಯದಲ್ಲಿ ಮಾದರಿಗೆಂದು ಅವಳಿಗೆ ಒಂದು ಗಿಡ ಕೊಟ್ಟಿದ್ದೆವು. ಅದು ಅವಳ ಹಾಲ್‌ನ ಕಿಟಕಿಯಲ್ಲಿತ್ತು. ಮಾತು ಹೇಗೆ ಸುರು ಮಾಡುವುದೆಂದು ಯೋಚಿಸುತ್ತ ಅದನ್ನು ಎತ್ತಿದೆ. ಮೂಗಿಗೆ ಗಮ್ಮೆಂದು ಸೆಂಟಿನ ವಾಸನೆ ಹೊಡೆಯಿತು. ಇದು ಗಿಡವಾ ಮದುಮಗನಾ ಎಂದು ಕೇಳಿದೆ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಹೇಳಿದಳು. ಗಿಡದಲ್ಲಿ ಬಿಳಿ ಹುಳ ಕಂಡು ವಾರಗಳೇ ಆಗಿತ್ತಂತೆ. ಗಂಡ ತಂದ ಸೆಂಟಿನ ಬಾಟಲಿಯಿಂದ ಹುಳದ ಮೇಲೆ ಚುಂಯ್ ಎಂದು ಹೊಡೆದಳಂತೆ. ಸತ್ತವಂತೆ. ಪುನಃ ಬಂದಾಗ ಪುನಃ ಹೊಡೆದಳಂತೆ.

"ನಮಗೆ ಎಂತಕ್ಕೆ ಹೇಳ್ಲಿಲ್ಲ?"

"ನಿಮ್ಮ ಸೊಸೆ ಅಷ್ಟು ಆಸೆಯಲ್ಲಿ ಮಾಡ್ತಿದ್ದಾಳೆ ಅಕ್ಕ. ನಿನ್ನ ಗಿಡದಲ್ಲಿ ಹುಳ ಅಂತ ಬಾಯಿಬಿಟ್ಟು ಹೇಗೆ ಹೇಳುದು? ನೀವೇ ಸರಿ ಮಾಡ್ತೀರಿ ಅಂತ ಸುಮ್ಮನೆ ಕೂತೆ."

ಒಬ್ಬಳು ನಾದಿನಿಗೆ ಬೇಜಾರಾಗುತ್ತದೆಂದು ಹೇಳಲಿಲ್ಲ. ಇನ್ನೊಬ್ಬಳು ಸೊಸೆಗೆ ಬೇಜಾರಾಗುತ್ತದೆಂದು ಹೇಳಲಿಲ್ಲ. ನಡುವೆ ಬೇಜಾರು ಇಲ್ಲದೆ ಬೆಳೆದದ್ದು ಹುಳ ಮಾತ್ರ. ನನಗೆ ಅವಳಿಗೆ ಎರಡು ಬಾರಿಸುವ ಅನ್ನಿಸಿತು. ಆದರೆ ಸೆಂಟಿನ ಸಂಗತಿ ತಲೆಯಲ್ಲಿ ಕೂತಿತು. ಅವಳ ಗಿಡದ ಎಲೆಗಳಲ್ಲಿ ಕಲೆ ಇರಲಿಲ್ಲ. ಮನೆಗೆ ಬಂದು ಸೊಸೆಗೆ ಹೇಳಿದರೆ, ಸೆಂಟಿನಲ್ಲಿರುವ ಸ್ಪಿರಿಟಿನ ಕೆಲಸ ಅದು ಎಂದು ಅವಳು ಮೊಬೈಲಿನಲ್ಲಿ ತೋರಿಸಿದಳು. ಮೆಡಿಕಲಿನಲ್ಲಿ ಸಿಗುವ ಸ್ಪಿರಿಟು, ಸ್ವಲ್ಪ ನೀರು, ಕಿವಿಗೆ ಹಾಕುವ ಹತ್ತಿಕಡ್ಡಿ, ಅಷ್ಟೇ. ಈ ಸಲ ಒಂದೇ ಗಿಡಕ್ಕೆ ಮಾಡಿ ಮರುದಿನ ತನಕ ಕಾದೆವು. ಎಲೆಗೆ ಬಳಿಯಬಾರದು, ಹುಳದ ಬೆನ್ನಿಗೆ ಮಾತ್ರ ಮುಟ್ಟಿಸಬೇಕು. ಮುಟ್ಟಿಸಿದ ಕೂಡಲೇ ಬಿಳಿ ಹಿಟ್ಟು ಕರಗಿ ಹುಳ ಕಂದಾಗುತ್ತದೆ. ಒಲೆಯ ಹತ್ತಿರ ಬಾಟಲಿ ತರಬಾರದು. ಬಿಸಿಲು ಇಳಿದ ಮೇಲೆ ಮಾಡಬೇಕು.

ಎಲೆಗೆ ಅದಾಯಿತು. ಬೇರಿಗೆ? ಬಿಸಿ ನೀರಿನಲ್ಲಿ ಬೇರು ಅದ್ದಿದರೆ ಹುಳ ಸಾಯುತ್ತದೆ ಎಂದು ಸೊಸೆ ಓದಿದಳು. ಇಷ್ಟು ಡಿಗ್ರಿ ಎಂದು ಲೆಕ್ಕವೂ ಹೇಳಿದಳು. ನಮ್ಮಲ್ಲಿ ಇದ್ದದ್ದು ಜ್ವರ ನೋಡುವ ಕಡ್ಡಿ, ಅದು ಅಷ್ಟು ದೂರ ಹೋಗುವುದಿಲ್ಲ. ನಾನು ಅಂದಾಜಿನಲ್ಲಿ ಕಾಯಿಸಿ ಎರಡು ಗಿಡ ಅದ್ದಿದೆ. ಎರಡೂ ಬಸಳೆ ಸಾರಿನ ದಂಟಿನ ಹಾಗೆ ಮೆತ್ತಗಾದವು. ಆಮೇಲೆ ಬಾಣಂತಿಗೆ ಮೀಯಿಸುವ ನೀರಿನ ಹದಕ್ಕೆ ಇಳಿಸಿದೆವು. ಕೈ ಇಟ್ಟರೆ ಚುರುಕ್ ಎನ್ನಬೇಕು, ಸುಡಬಾರದು. ಎಲೆಗೆ ತಾಗದ ಹಾಗೆ ಸೊಸೆ ಗಿಡ ಹಿಡಿದಳು, ನಾನು ನೀರು ನೋಡಿಕೊಂಡೆ. ತಣಿದ ಹಾಗೆ ಕಂಡರೆ ಒಂದು ಸೌಟು ಬಿಸಿ. ತೆಗೆದು ನೋಡಿದರೆ ಬೇರು ಗಟ್ಟಿ ಇದ್ದವು, ಹುಳ ತೇಲುತ್ತಿದ್ದವು.

ಆದರೆ ಹಾಗೆ ಅದ್ದಿದ ಬೇರನ್ನು ಕೂಡಲೇ ಮಣ್ಣಿಗೆ ಹಾಕಲಿಕ್ಕಿಲ್ಲ, ಕೊಳೆಯುತ್ತದೆ. ನೆರಳಲ್ಲಿ ಒಣಗಬೇಕು, ಗಾಯ ಮಾಯಬೇಕು. ಆಮೇಲೆ ನೆಟ್ಟು ಬೇರು ಹಿಡಿಯುವಷ್ಟು ದಿನ ಮದುವೆಗೆ ಉಳಿದಿರಲಿಲ್ಲ. ಸೊಸೆ ಗೆರಸೆಯ ಎದುರು ಕೂತುಬಿಟ್ಟಳು. ಹಸಿರು ಕಂಡವುಗಳನ್ನು ಹಾಗೇ ಕೊಡುವ, ಮೇಲೆ ಹುಳ ಇಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದಳು. ಇಲ್ಲದಿದ್ದರೆ ತಾನು ನಾಳೆಯೇ ಅಂಗಡಿಗೆ ಹೋಗುತ್ತೇನೆ ಎಂದಳು.

ನನಗೆ ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಚೆಕ್ಕರ್ ನೆನಪಾದ. ಹೆಂಗಸರು ಸಾಲಾಗಿ ನಿಂತಿರುವಾಗಲೇ ಕಟ್ಟು ಬಿಚ್ಚಿ, ಕಳಪೆ ಬೀಡಿಯನ್ನು ನಮ್ಮ ಎದುರೇ ಮುರಿದು ಎಸೆಯುತ್ತಿದ್ದ. ಅವನಿಗೆ ಶಾಪ ಹಾಕದವರಿಲ್ಲ, ನಾನೂ ಹಾಕಿದ್ದೇನೆ. ಆದರೆ ಅವನು ಪಾಸು ಮಾಡಿದ ಕಟ್ಟಿನಲ್ಲಿ ತೂತಿನ ಬೀಡಿ ಇರುತ್ತಿರಲಿಲ್ಲ.

"ಅಷ್ಟೂ ಮಗುಚುದು" ಎಂದೆ. "ಬಾಡಿದ್ದು ಒಲೆಗೆ. ಒಳ್ಳೆದನ್ನು ಅದ್ದಿ ಒಣಗಿಸುದು. ಮಣ್ಣಿಗೆ ಹಾಕುದೇ ಬೇಡ, ಹಾಗೇ ಕೊಡುದು. ನೀರು ಎಲೆಯಲ್ಲೇ ಇಟ್ಟುಕೊಳ್ಳುವ ಜಾತಿ ಅಂತ ನೀನೇ ಹೇಳ್ತೀಯಲ್ಲ, ವಾರ ಎರಡು ವಾರ ಬದುಕುದಿಲ್ವಾ?"

ಬದುಕುತ್ತದೆ ಎಂದಳು. ಮೊದಲು ಮೆಲ್ಲಗೆ ಎಂದಳು, ಆಮೇಲೆ ಎದ್ದು ನಿಂತು ಎಂದಳು.

ಆಚೆಮನೆಯಾಕೆಗೆ ಇದು ಹಿಡಿಸಲಿಲ್ಲ. ಮಣ್ಣಿಲ್ಲದ ಗಿಡ ತಲೆ ಬಾಚದೆ ಮದುವೆಗೆ ಬಂದ ಹೆಂಗಸಿನ ಹಾಗೆ ಕಾಣುತ್ತದೆ ಎಂದಳು. ಹುಡುಗನ ಮನೆಯವರಿಗೆ ಚಟ್ಟಿಯ ಗಿಡ ಎಂದು ಹೇಳಿಯಾಗಿದೆ ಎಂದಳು. ನಾನು ಹೇಳಿದೆ, ಹುಳ ಹತ್ತಿದ ಗಿಡ ಸುಳ್ಯದ ಅಷ್ಟು ಮನೆಗಳಿಗೆ ಹೋದರೆ ನಿನ್ನ ಮಗಳು ಹೊಸ ಮನೆಗೆ ಕಾಲಿಡುವ ಮೊದಲು ನಮ್ಮ ಹುಳ ಕಾಲಿಡುತ್ತದೆ, ಯಾವುದು ಆಗಬಹುದು ಎಂದು. ಮರುದಿನ ಬೆಳಿಗ್ಗೆ ಅವಳು ತೋಳು ಮೇಲಕ್ಕೆ ಮಡಚಿಕೊಂಡು ನಮ್ಮ ಹಿತ್ತಿಲಿಗೆ ಬಂದಳು, ತಾನು ಎಂತ ಮಾಡಬೇಕು ಎಂದು ಕೇಳಿದಳು. ಅವಳನ್ನು ಮಣ್ಣು ಹುರಿಯಲಿಕ್ಕೆ ಹಾಕಿದೆ. ದೊಡ್ಡ ಬಾಣಲೆಯಲ್ಲಿ ಹೊಸ ಮಣ್ಣು, ಮರಳು ಹುರಿದು ಆರಿಸಿ ಪೊಟ್ಟಣ ಮಾಡುವುದು. ಬಿರಿಯಾನಿಗೆ ಇಷ್ಟು ಕೈ ನೋಯಿಸಿಕೊಂಡದ್ದಿಲ್ಲ ಎಂದು ಗೊಣಗುತ್ತಲೇ ಮಾಡಿದಳು.

ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಡಬ್ಬಿಯಲ್ಲಿ ಇಟ್ಟು ಇರುವೆಯ ದಾರಿ ಕಡಿದೆವು. ಹಳೆಯ ಚಟ್ಟಿಗಳನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಮಗುಚಿದೆವು. ಬೀಡಿಯ ಬಾಯಿ ಮಡಚುವ ನನ್ನ ಕಬ್ಬಿಣದ ಕಡ್ಡಿಯಿಂದ ಬೇರಿನ ಸಂದಿಯ ಮಣ್ಣು ಬಿಡಿಸಿದೆ. ಬಾಡಿದ್ದನ್ನು ಎಸೆಯುವಾಗ ಸೊಸೆ ಪ್ರತಿಯೊಂದಕ್ಕೂ ಇದು ಬದುಕಬಹುದು ಅತ್ತೆ ಎನ್ನುತ್ತಿದ್ದಳು. ಬದುಕುವುದು ಹುಳ, ಗಿಡ ಅಲ್ಲ ಎಂದು ಕಿತ್ತು ಎಸೆದೆ. ಒಣಗಿದ ಗಿಡಗಳ ಬೇರಿಗೆ ಕಾಗದ ಸುತ್ತಿ, ಬೀಡಿ ಕಟ್ಟುವ ನೂಲಿನಲ್ಲೇ ಕಟ್ಟಿದೆ. ಚಟ್ಟಿಯಲ್ಲಿ ಹುರಿದ ಮಣ್ಣಿನ ಪೊಟ್ಟಣ, ಅದರ ಮೇಲೆ ಗಿಡ. ಚಟ್ಟಿಯಲ್ಲಿ ನೆಟ್ಟ ಮೇಲೆ ಒಂದು ವಾರ ನೀರು ಹಾಕಬೇಡಿ ಎಂದು ಚೀಟಿ ಬರೆದದ್ದು ಸೊಸೆ, ಜೆರಾಕ್ಸ್ ಮಾಡಿಕೊಟ್ಟದ್ದು ಮಗ. ಬೇಕಾದಾಗ ಅವನ ಮೆಷಿನಿಗೂ ಕೆಲಸ ಬರುತ್ತದೆ.

ಎಲ್ಲರಿಗೆ ಸಾಲಲಿಲ್ಲ. ಹುಡುಗನ ಕಡೆಯ ಹೆಂಗಸರಿಗೆ ಗಿಡ, ತನ್ನ ಕಡೆಯವರಿಗೆ ಸ್ವೀಟು ಎಂದು ಆಚೆಮನೆಯಾಕೆಯೇ ತೀರ್ಮಾನಿಸಿದಳು. ಮದುವೆಯ ಹಾಲ್‌ನಲ್ಲಿ ಅವಳ ನಾದಿನಿಯೊಬ್ಬಳು ಸುಳ್ಯದವರಿಗೆಂದು ಇಟ್ಟ ಒಂದು ಗಿಡ ಎತ್ತಿ, ಕಾಗದ ಬಿಡಿಸಿ ನೋಡಿ, ಮೂಗು ಮೇಲೆ ಮಾಡಿ, ಇದು ಎಂತ, ಇದರಲ್ಲಿ ಹುಳ ಇಲ್ವಲ್ಲಾ ಎಂದು ಕೇಳಿದಳು. ಸೊಸೆ ನನ್ನ ಹಿಂದೆ ಸರಿದಳು. ನಾನು ಬಾಯಿ ತೆರೆಯುವ ಮೊದಲೇ ಆಚೆಮನೆಯಾಕೆ ಹೇಳಿದಳು.

"ಇತ್ತು. ಒಂದೊಂದೇ ಹೆಕ್ಕಿ ತೆಗೆದಿದ್ದಾರೆ. ಮಣ್ಣು ನಾನೇ ಹುರಿದದ್ದು. ಬೇಡದಿದ್ದರೆ ಅಲ್ಲೇ ಇಡು, ಸ್ವೀಟು ಉಂಟು."

ಆ ಹೆಂಗಸು ಗಿಡ ಇಡಲಿಲ್ಲ. ಸುಳ್ಯದವರಲ್ಲಿ ಇಬ್ಬರು ಸೊಸೆಯ ನಂಬರು ತೆಗೆದುಕೊಂಡರು. ಸೊಸೆ ಅವರಿಗೆ ನಂಬರು ಹೇಳಿದ್ದು ನನ್ನ ಹಿಂದಿನಿಂದಲ್ಲ, ಎದುರು ಬಂದು ನಿಂತು.

ಅದೇ ದಿನ ಸಂಜೆ ನನ್ನ ನಾದಿನಿ ಬಂದಳು, ಕೈಯಲ್ಲಿ ತೊಟ್ಟೆ. ತೊಟ್ಟೆಯಲ್ಲಿ ಗಿಡ. ಬಂದವಳು ಸೀದಾ ಹಿಂದಕ್ಕೆ ಹೋಗಿ ಸ್ಟ್ಯಾಂಡಿನ ಮೇಲಿನ ತಟ್ಟು ನೋಡಿ, ತಾನು ಕೊಟ್ಟ ಗಿಡ ಎಲ್ಲಿ ಎಂದು ಕೇಳಿದಳು. ಸೊಸೆ ನನ್ನ ಮುಖ ನೋಡಿದಳು. ಬಿಸಿಲಿಗೆ ಒಣಗಿತು ಎಂದರೆ ಮುಗಿಯುತ್ತಿತ್ತು, ಚಾ ಕುಡಿದು ಹೋಗುತ್ತಿದ್ದಳು.

"ಸುಟ್ಟೆ" ಎಂದೆ. "ಬೇರು ತುಂಬ ಹುಳ ಇತ್ತು. ಇದರಲ್ಲೂ ಉಂಟು ನೋಡು. ನಿನ್ನ ಅಂಗಳ ಇಡೀ ಇರಬೇಕು."

"ನಾನು ಪ್ರೀತಿಯಲ್ಲಿ ಕೊಟ್ಟದ್ದನ್ನು ಒಲೆಗೆ ಹಾಕಿದ್ರಾ ಅತ್ತಿಗೆ?"

"ಪ್ರೀತಿಯನ್ನು ಹಾಕ್ಲಿಲ್ಲ. ಗಿಡವನ್ನು ಹಾಕಿದೆ."

ಅವಳು ಚಾ ಮುಟ್ಟಲಿಲ್ಲ. ತೊಟ್ಟೆ ಹಿಡಿದುಕೊಂಡು ಬಸ್ಸಿಗೆ ಹೋದಳು. ಸೊಸೆ ಗೇಟಿನ ತನಕ ಹಿಂದೆ ಹೋಗಿ ಬಂದು, ಪೆರಾಬೆ ಅತ್ತೆಯ ಕಣ್ಣಲ್ಲಿ ನೀರಿತ್ತು ಎಂದಳು. ಇರಲಿ. ಆದರೆ ನನಗೆ ತಡೆಯದೆ ಇದ್ದದ್ದು ಆ ತೊಟ್ಟೆ. ಅದನ್ನು ಅವಳು ದಾರಿಯಲ್ಲಿ ಎಸೆಯುವವಳಲ್ಲ. ರಾಮಕುಂಜದಲ್ಲಿ ಅವಳ ಮಗಳು ಇದ್ದಾಳೆ, ಪಕ್ಕದಲ್ಲಿ ಸಂಘದ ಹೆಂಗಸರು ಇದ್ದಾರೆ, ಯಾರಿಗಾದರೂ ಪ್ರೀತಿಯಲ್ಲಿ ಕೊಡುತ್ತಾಳೆ. ಅವರೂ ಬೇಡ ಎನ್ನುವುದಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಪೆರಾಬೆಗೆ ಹೋದೆ. ಚೀಲದಲ್ಲಿ ಸ್ಪಿರಿಟಿನ ಬಾಟಲಿ, ಹತ್ತಿಕಡ್ಡಿಯ ಡಬ್ಬಿ, ನನ್ನ ಕಬ್ಬಿಣದ ಕಡ್ಡಿ. ನಾದಿನಿ ಬಾಗಿಲಲ್ಲಿ ನಿಂತು ನೋಡಿದಳು, ಬನ್ನಿ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಅಂಗಳದಲ್ಲಿ ನೆರಳಿರುವ ಕಡೆ ಕೂತು, ಕೈಗೆ ಸಿಕ್ಕಿದ ಮೊದಲ ಚಟ್ಟಿ ಎಳೆದು ಮಗುಚಿದೆ.